ಉತ್ತರದ ಕೋಣೆಗೆ ಎರಡು ಬಣ್ಣ: ಹಳದಿಯೋ, ನೀಲಿಯೋ?

ಕನ್ನಡದಲ್ಲಿ ‘ಬಣ್ಣ’ ಎಂಬ ಒಂದೇ ಪದವು ಕಣ್ಣಿಗೆ ಕಾಣುವ ವರ್ಣಕ್ಕೂ ಡಬ್ಬಿಯಲ್ಲಿ ದೊರೆಯುವ ಲೇಪಕ್ಕೂ ಸಲ್ಲುತ್ತದೆ. ದಿನಬಳಕೆಯಲ್ಲಿ ಇದರಿಂದ ತೊಡಕೇನೂ ಇಲ್ಲ. ಆದರೆ ಗೋಡೆಗೆ ಎರಡು ಬಣ್ಣಗಳಲ್ಲಿ ಒಂದನ್ನು ಆರಿಸಬೇಕಾದಾಗ ಈ ಎರಡು ಅರ್ಥಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯವಾಗುತ್ತದೆ. ಡಬ್ಬಿಯಲ್ಲಿರುವ ಲೇಪ ಎಲ್ಲ ಊರಿನಲ್ಲಿಯೂ ಒಂದೇ. ಗೋಡೆಯ ಮೇಲೆ ಕಾಣುವ ವರ್ಣವಾದರೋ ಕೋಣೆಗೆ ಬರುವ ಬೆಳಕು, ದಿನದ ಹೊತ್ತು, ನೆರೆಯಲ್ಲಿರುವ ಬಣ್ಣ ಮತ್ತು ನೋಡುವವರ ಕಣ್ಣಿನ ವಯಸ್ಸು, ಈ ನಾಲ್ಕಕ್ಕೂ ತಕ್ಕಂತೆ ಬದಲಾಗುತ್ತದೆ. ಎರಡು ಬಣ್ಣಗಳನ್ನು ಹೋಲಿಸುವ ಕ್ರಮವೇನು ಎಂಬುದನ್ನು ಒಂದು ನಿಜವಾದ ಕೋಣೆಯ ಉದಾಹರಣೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಕೋಣೆ ಮತ್ತು ಅದರ ಎರಡು ಬಣ್ಣಗಳು

ನಾವಿರುವುದು ಇಂಗ್ಲೆಂಡಿನ ಮಧ್ಯಭಾಗದ ಲೆಸ್ಟರ್ ನಗರದಲ್ಲಿ. ಎಪ್ಪತ್ತೆಂಟು ವರ್ಷದ ನನ್ನ ತಾಯಿ ಧಾರವಾಡದಿಂದ ಬಂದು ನಮ್ಮೊಡನೆ ನೆಲೆಸಿದ್ದಾರೆ. ಮೆಟ್ಟಿಲು ಹತ್ತುವ ಶ್ರಮ ಬೇಡವೆಂದು ನೆಲಮಹಡಿಯ ಹಿಂಬದಿಯ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆವು. ಅದು ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಕೋಣೆ. ಇರುವ ಒಂದೇ ಕಿಟಕಿ ಉತ್ತರಕ್ಕೆ ತೆರೆಯುತ್ತದೆ. ನೆಲಕ್ಕೆ ಓಕ್ ಮರದ ಹಲಗೆ, ಬಾಗಿಲಿಗೂ ಚೌಕಟ್ಟಿಗೂ ಬಿಳಿಯ ಬಣ್ಣ. ಚಳಿಗಾಲದಲ್ಲಿ ಹೊರಗೆ ಹೋಗುವುದು ಕಡಿಮೆಯಾದ್ದರಿಂದ ತಾಯಿಯವರ ದಿನದ ಬಹುಭಾಗ ಈ ನಾಲ್ಕು ಗೋಡೆಗಳ ನಡುವೆಯೇ ಕಳೆಯಬೇಕಾಗಿತ್ತು. ಹಾಗಾಗಿ ಬಣ್ಣದ ಆಯ್ಕೆ ಕೇವಲ ಅಲಂಕಾರದ ಮಾತಾಗಿರಲಿಲ್ಲ.

ಮನೆಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. ನನ್ನ ಪತ್ನಿಯ ಒಲವು ಮಣ್ಣಿನ ಛಾಯೆಯ ತಿಳಿಹಳದಿಯ ಕಡೆಗೆ. ಇಲ್ಲಿಯ ಅಂಗಡಿಗಳಲ್ಲಿ ಇದನ್ನು ಓಕರ್ ಎನ್ನುತ್ತಾರೆ. ತಾಯಿಯವರಿಗೆ ಬೇಕಾದದ್ದು ನೀಲಿ. ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ದೀಪಾವಳಿಗೆ ಮೊದಲು ಸುಣ್ಣ ಹಚ್ಚುವಾಗ ಅದಕ್ಕೆ ಪುಡಿನೀಲಿಯನ್ನು ಬೆರೆಸುತ್ತಿದ್ದರು. ತುಸು ಬೆರೆಸಿದರೆ ಸುಣ್ಣದ ಹಳದಿ ಛಾಯೆ ಅಡಗಿ ಬಿಳುಪು ಎದ್ದು ಕಾಣುತ್ತದೆ. ಹೆಚ್ಚು ಬೆರೆಸಿದರೆ ಗೋಡೆಯೇ ನೀಲಿಯಾಗುತ್ತದೆ. ಬಟ್ಟೆಗೂ ಸುಣ್ಣಕ್ಕೂ ಹಾಕುವ ಈ ಪುಡಿ ಸಾಮಾನ್ಯವಾಗಿ ಕೃತಕ ಅಲ್ಟ್ರಾಮರೀನ್. ಇದನ್ನು ತಯಾರಿಸುವ ವಿಧಾನವನ್ನು ಯೂರೋಪಿನಲ್ಲಿ ಕಂಡುಕೊಂಡದ್ದು 1820ರ ದಶಕದಲ್ಲಿ. ತಾಯಿಯವರ ನೀಲಿಯ ಆಸೆಗೆ ಆ ಗೋಡೆಗಳ ನೆನಪೇ ಮೂಲ. ಆದರೆ ಈಗಿನ ರೂಢಿಯಂತೆ ಅಂಗಡಿಯವರು ನಮಗೆ ತೋರಿಸಿದ್ದು ಗಾಢವಾದ ಕಡುನೀಲಿ.

ಡಬ್ಬಿಯ ಹಿಂದಿನ ಸಂಖ್ಯೆ

ಬಣ್ಣಗಳಿಗೆ ಕಂಪನಿಗಳು ಇಡುವ ಹೆಸರುಗಳಿಂದ ಹೋಲಿಕೆಗೆ ಯಾವ ಸಹಾಯವೂ ದೊರೆಯದು. ಉಪಯುಕ್ತವಾದದ್ದು ಬೆಳಕಿನ ಪ್ರತಿಫಲನ ಮೌಲ್ಯವೆಂಬ ಸಂಖ್ಯೆ. ಇದನ್ನು ಸಂಕ್ಷೇಪವಾಗಿ ಎಲ್‌ಆರ್‌ವಿ ಎನ್ನುತ್ತಾರೆ. ಬಣ್ಣದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂದಿರುಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಶೂನ್ಯವೆಂದರೆ ಪರಿಪೂರ್ಣ ಕಪ್ಪು, ನೂರೆಂದರೆ ಪರಿಪೂರ್ಣ ಬಿಳುಪು. ನಿಜವಾದ ಬಣ್ಣಗಳೆಲ್ಲ ಇವೆರಡರ ನಡುವೆ ಇರುತ್ತವೆ. ಅನೇಕ ಕಂಪನಿಗಳು ಇದನ್ನು ಬಣ್ಣದ ಪಟ್ಟಿಯ ಹಿಂಬದಿಯಲ್ಲೋ ತಮ್ಮ ಜಾಲತಾಣದಲ್ಲೋ ನಮೂದಿಸುತ್ತವೆ. ನಾವು ತಂದ ಹಳದಿಯ ಮೌಲ್ಯ 62, ಕಡುನೀಲಿಯದು 9.

ಈ ಅಂತರದ ಪರಿಣಾಮ ಗೋಡೆಗೆ ಸೀಮಿತವಾಗಿ ಉಳಿಯುವುದಿಲ್ಲ. ಕಿಟಕಿಯಿಂದ ಬಂದ ಬೆಳಕು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮಾಳಿಗೆಗೆ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ಪ್ರತಿಯೊಂದು ಬಡಿತದಲ್ಲಿಯೂ ಒಂದು ಪಾಲು ನಷ್ಟವಾಗಿ ಉಳಿದದ್ದು ಮುಂದೆ ಸಾಗುತ್ತದೆ. ಬಿಳಿಯ ಮಾಳಿಗೆಗೆ 85, ಮರದ ನೆಲಕ್ಕೆ 25 ಎಂದು ಹಿಡಿದು, ನಾಲ್ಕು ಗೋಡೆಗಳನ್ನೂ ಸೇರಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ, ಹಳದಿಯ ಕೋಣೆಯ ಸರಾಸರಿ ಪ್ರತಿಫಲನ ಸುಮಾರು 59, ಕಡುನೀಲಿಯ ಕೋಣೆಯದು ಸುಮಾರು 28 ಆಗುತ್ತದೆ. ಬೆಳಕಿನ ಪುನರಾವರ್ತನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಅದೇ ಕಿಟಕಿ ಅದೇ ಆಕಾಶ ಇದ್ದರೂ ಹಳದಿಯ ಕೋಣೆಯಲ್ಲಿ ಒಟ್ಟು ಬೆಳಕು ಸುಮಾರು ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಕಿಟಕಿಯಿಂದ ದೂರದ ಮೂಲೆಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿಗೆ ತಲುಪುವುದು ಬಹುಮಟ್ಟಿಗೆ ಹೀಗೆ ಬಡಿದು ಬಂದ ಬೆಳಕೇ.

ಇದೇ ಕಾರಣದಿಂದ ಗೋಡೆಯ ಬಣ್ಣ ತನ್ನನ್ನು ತಾನೇ ಗಾಢಗೊಳಿಸಿಕೊಳ್ಳುತ್ತದೆ. ಹಳದಿ ಗೋಡೆಯಿಂದ ಹೊರಟ ಬೆಳಕು ಹಳದಿಯಾಗಿಯೇ ಎದುರಿನ ಹಳದಿ ಗೋಡೆಗೆ ಬೀಳುತ್ತದೆ. ಅಂಗೈಯಗಲದ ಪಟ್ಟಿಯಲ್ಲಿ ಸೌಮ್ಯವಾಗಿ ಕಂಡ ಹಳದಿ ನಾಲ್ಕು ಗೋಡೆಗಳ ಮೇಲೆ ಪ್ರಖರವಾಗುವುದು ಹೀಗೆ. ಆದ್ದರಿಂದ ಹಳದಿಯನ್ನು ಆರಿಸುವವರು ಪಟ್ಟಿಯಲ್ಲಿ ತಮಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ಮಂಕಾದದ್ದನ್ನು ತೆಗೆದುಕೊಳ್ಳುವುದು ಲೇಸು.

ಅಕ್ಷಾಂಶ ಮತ್ತು ಉತ್ತರದ ಬೆಳಕು

ಊರಿನಲ್ಲಿ ಹಿಡಿಸಿದ ಬಣ್ಣ ಇಲ್ಲಿ ಏಕೆ ಹಿಡಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸೂರ್ಯನ ಎತ್ತರದಲ್ಲಿದೆ. ಧಾರವಾಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲೆಸ್ಟರ್ ಸುಮಾರು 52.6 ಡಿಗ್ರಿಯಲ್ಲಿ. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿನಂದು ಧಾರವಾಡದ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿ ಮೇಲಿದ್ದರೆ, ಲೆಸ್ಟರಿನಲ್ಲಿ ಸುಮಾರು 14 ಡಿಗ್ರಿ ಮಾತ್ರ. ಅಲ್ಲಿ ಅಂದಿನ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಇಲ್ಲಿ ಎಂಟು ಗಂಟೆಗೂ ಕಡಿಮೆ.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬಂದಿರಲಾರದು. ಧಾರವಾಡ ಉಷ್ಣವಲಯದೊಳಗೆ ಇರುವುದರಿಂದ, ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಲೆಸ್ಟರಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ ಉತ್ತರಕ್ಕೆ ಬರುವುದಿಲ್ಲ. ಉತ್ತರದ ಕಿಟಕಿಗೆ ನೇರ ಬಿಸಿಲು ದೊರೆಯುವುದು ಬೇಸಿಗೆಯ ಮುಂಜಾವು ಮತ್ತು ಇಳಿಸಂಜೆಗಳಲ್ಲಿ ಮಾತ್ರ. ಉಳಿದಂತೆ ಅದರೊಳಗೆ ಬರುವುದು ಆಕಾಶದಿಂದ ಚದುರಿದ ಬೆಳಕು. ಅದರ ಛಾಯೆ ನೀಲಿಯ ಕಡೆಗಿರುತ್ತದೆ.

ನೀಲಿ ಛಾಯೆಯ ಮಂದ ಬೆಳಕು ನಮ್ಮ ಎರಡು ಬಣ್ಣಗಳಿಗೂ ತನ್ನದೇ ಪರಿಣಾಮವನ್ನು ಮಾಡುತ್ತದೆ. ನೀಲಿ ಗೋಡೆ ಇನ್ನಷ್ಟು ತಣ್ಣಗೆ ಕಾಣುತ್ತದೆ. ಹಳದಿಯಲ್ಲಿ ಕೆಂಪಿನ ಅಂಶ ಕಡಿಮೆಯಿದ್ದರೆ ಅದು ಹಸುರಿಗೆ ತಿರುಗಿದಂತೆ ತೋರುತ್ತದೆ. ನಿಂಬೆಹಳದಿಯಲ್ಲಿ ಈ ದೋಷ ಸ್ಪಷ್ಟ. ಆದ್ದರಿಂದ ಉತ್ತರದ ಕೋಣೆಗೆ ಹಳದಿ ಬೇಕೆಂದರೆ ಕಾವಿಯತ್ತ ವಾಲಿದ ಹಳದಿಯನ್ನು ಹುಡುಕಬೇಕು. ಮಣ್ಣಿನಿಂದ ಬರುವ ಹಳದಿಗೂ ಕಾವಿಗೂ ರಸಾಯನಶಾಸ್ತ್ರದ ನಂಟೂ ಇದೆ: ಎರಡಕ್ಕೂ ಮೂಲ ಕಬ್ಬಿಣದ ಸಂಯುಕ್ತಗಳೇ. ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರಿನ ಅಂಶ ಹೊರಟುಹೋಗಿ ಕೆಂಪು ಬರುತ್ತದೆ.

ಬಿರುಬಿಸಿಲಿನ ಧಾರವಾಡದಲ್ಲಿ ನೀಲಿ ಗೋಡೆ ಕಣ್ಣಿಗೆ ತಂಪೆನಿಸಿದ್ದು ಸಹಜ. ಅಲ್ಲಿ ಬೆಳಕು ಬೇಕಾದುದಕ್ಕಿಂತ ಹೆಚ್ಚಾಗಿತ್ತು. ಅಲ್ಲದೆ ಆ ಗೋಡೆ ಸುಣ್ಣದ ತಿಳಿನೀಲಿ. ಅಂಗಡಿಯ ಕಡುನೀಲಿಗಿಂತ ಹಲವು ಪಟ್ಟು ಬೆಳಕನ್ನು ಹಿಂದಿರುಗಿಸುವಂಥದ್ದು. ಹೆಸರಿನಲ್ಲಿ ಎರಡೂ ನೀಲಿಯಾದರೂ ಕೋಣೆಯ ಮೇಲೆ ಮಾಡುವ ಪರಿಣಾಮದಲ್ಲಿ ಅವೆರಡೂ ಬಹು ದೂರ.

ಮುಪ್ಪಿನ ಕಣ್ಣು

ಮನೆಯ ಹಿರಿಯರಿಗಾಗಿ ಬಣ್ಣ ಆರಿಸುವಾಗ ಆರಿಸುವವರ ಕಣ್ಣು ಒಂದು, ಬಾಳುವವರ ಕಣ್ಣು ಇನ್ನೊಂದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಅರುವತ್ತರ ವಯಸ್ಸಿನವರ ಅಕ್ಷಿಪಟಲಕ್ಕೆ ಇಪ್ಪತ್ತರವರಿಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲುಪುತ್ತದೆ. ಹಳದಿಗಟ್ಟಿದ ಮಸೂರ ಮೊದಲು ತಡೆಯುವುದು ನೀಲಿ ಬೆಳಕನ್ನು. ಆದ್ದರಿಂದ ಕಡುನೀಲಿ ಮತ್ತು ಕಪ್ಪು, ತಿಳಿನೀಲಿ ಮತ್ತು ತಿಳಿಹಸುರು ಇವುಗಳ ನಡುವಿನ ಭೇದ ಮಸುಕಾಗುತ್ತದೆ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಲೋಕವೆಲ್ಲ ನೀಲಿಯಾಗಿ ಕಾಣುತ್ತದೆ ಎಂದು ಹೇಳುವುದುಂಟು. ತಡೆಯಾಗಿದ್ದ ಬೆಳಕು ಮರಳಿ ಒಳಗೆ ಬಂದದ್ದೇ ಅದಕ್ಕೆ ಕಾರಣ. 1923ರಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ ಅವರಿಗೂ ಬಣ್ಣಗಳು ಹೀಗೆ ಬದಲಾಗಿ ಕಂಡಿದ್ದವು.

ನನ್ನ ತಾಯಿಗೆ ಪೊರೆಯ ಚಿಕಿತ್ಸೆ ಆಗಿಲ್ಲ. ನಾನು ಕಡುನೀಲಿ ಬಳಿದ ಹಲಗೆಯನ್ನು ಕೋಣೆಯಲ್ಲಿಟ್ಟು ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: “ಇದು ಕರೀದು ಐತಲ್ಲೋ, ನೀಲಿ ಎಲ್ಲೈತಿ?” ನನಗೂ ಪತ್ನಿಗೂ ಸ್ಪಷ್ಟವಾಗಿ ನೀಲಿಯಾಗಿದ್ದ ಬಣ್ಣ ಅವರ ಪಾಲಿಗೆ ಇರಲೇ ಇಲ್ಲ. ಹೋಲಿಕೆಯ ಫಲಿತಾಂಶವನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಈ ಮಾತು.

ಮುಪ್ಪಿನಲ್ಲಿ ಬೆಳಕಿನಷ್ಟೇ ಮುಖ್ಯವಾದದ್ದು ಅಂಚುಗಳ ಸ್ಪಷ್ಟತೆ. ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಆರಂಭವಾಗುತ್ತದೆ, ಬಾಗಿಲು ಎಲ್ಲಿದೆ, ದೀಪದ ಸ್ವಿಚ್ ಎಲ್ಲಿದೆ ಎಂಬುದು ನಡುರಾತ್ರಿ ಎದ್ದವರಿಗೆ ತಟ್ಟನೆ ಕಾಣಬೇಕು. ಅಕ್ಕಪಕ್ಕದ ಎರಡು ಮೇಲ್ಮೈಗಳ ಪ್ರತಿಫಲನ ಮೌಲ್ಯದಲ್ಲಿ 30 ಅಂಕಗಳಷ್ಟಾದರೂ ಅಂತರವಿರಲಿ ಎಂದು ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿಗಳು ಸಲಹೆ ನೀಡುತ್ತವೆ. ನಮ್ಮ ಕೋಣೆಗೆ ಇದನ್ನು ಅನ್ವಯಿಸಿದಾಗ ದೊರೆತದ್ದು ಹೀಗೆ. ಕಡುನೀಲಿ ಗೋಡೆ 9, ನೆಲ 25. ಅಂತರ 16 ಮಾತ್ರ. ಹಳದಿ ಗೋಡೆ 62, ನೆಲ 25, ಅಂತರ 37. ನೆಲದ ಮಟ್ಟಿಗೆ ಹಳದಿ ಗೆಲ್ಲುತ್ತದೆ. ಆದರೆ ಬಿಳಿಯ ಬಾಗಿಲಿನ ಮೌಲ್ಯ 85; ಹಳದಿ ಗೋಡೆಗೂ ಅದಕ್ಕೂ ಅಂತರ 23. ಬಾಗಿಲಿನ ಮಟ್ಟಿಗೆ ಹಳದಿ ಸೋಲುತ್ತದೆ. ಇಲ್ಲಿ ಒಂದು ಬಣ್ಣವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕಿಂತ ಎರಡಕ್ಕೂ ತಕ್ಕ ಸ್ಥಳವನ್ನು ಹುಡುಕುವುದು ಸರಿ ಎಂಬುದು ನನಗೆ ಮನವರಿಕೆಯಾಯಿತು.

ನೆರೆಯ ಬಣ್ಣದ ಪ್ರಭಾವ

ಹಳದಿ ಮತ್ತು ನೀಲಿ ಪರಸ್ಪರ ವಿರುದ್ಧ ಸ್ವಭಾವದ ಬಣ್ಣಗಳು. ಅಕ್ಕಪಕ್ಕದಲ್ಲಿಟ್ಟರೆ ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ಈ ವಿದ್ಯಮಾನವನ್ನು ವ್ಯವಸ್ಥಿತವಾಗಿ ವಿವರಿಸಿದವರು ಫ್ರೆಂಚ್ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರುಲ್. ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ಅವರಿಗೆ, ಕಪ್ಪು ನೂಲಿನ ಕಪ್ಪು ಸಾಲದು ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ನೂಲಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ಬಣ್ಣಗಳಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಈ ಕುರಿತ ಅವರ ಗ್ರಂಥ 1839ರಲ್ಲಿ ಪ್ರಕಟವಾಯಿತು.

ಮನೆಗೆ ಬಣ್ಣ ಆರಿಸುವವರಿಗೆ ಇದರಿಂದ ದೊರೆಯುವ ಪಾಠ ಸರಳ. ಎರಡು ಮಾದರಿಗಳನ್ನು ಗೋಡೆಯ ಮೇಲೆ ಒತ್ತಾಗಿ ಬಳಿದು ಹೋಲಿಸಬಾರದು. ಹಾಗೆ ಮಾಡಿದರೆ ಹಳದಿ ನೀಲಿಯಿಂದ ಹೊಳಪು ಪಡೆಯುತ್ತದೆ, ನೀಲಿ ಹಳದಿಯಿಂದ ಗಾಢವಾಗುತ್ತದೆ; ಒಂದೇ ಬಣ್ಣ ಉಳಿದಾಗ ಆ ಪರಿಣಾಮ ಇರುವುದಿಲ್ಲ.

ದೀಪದ ಬೆಳಕು

ನಮ್ಮಲ್ಲಿ ಡಿಸೆಂಬರಿನ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ಆದ್ದರಿಂದ ಕೋಣೆಯ ಬಣ್ಣವನ್ನು ದೀಪದಲ್ಲಿ ನೋಡುವ ಗಂಟೆಗಳು ಹಗಲಿಗಿಂತ ಕಡಿಮೆಯಲ್ಲ. ದೀಪದ ಛಾಯೆಯನ್ನು ಕೆಲ್ವಿನ್ ಅಳತೆಯಲ್ಲಿ ಸೂಚಿಸುತ್ತಾರೆ. 2700 ಕೆಲ್ವಿನ್ ದೀಪ ಹಳದಿಯ ಕಡೆಗಿರುತ್ತದೆ. ಊರಿನ ಟ್ಯೂಬ್‌ಲೈಟಿನಲ್ಲಿ ಸಾಮಾನ್ಯವಾದ 6500 ಕೆಲ್ವಿನ್ ನೀಲಿಯ ಕಡೆಗೆ. 2700ರ ಬೆಳಕಿನಲ್ಲಿ ನಮ್ಮ ಹಳದಿ ಹಲಗೆ ಕಾವಿಗೆ ಹತ್ತಿರವಾಯಿತು, ನೀಲಿ ಹಲಗೆ ಬೂದಿ ಬಳಿದಂತೆ ಮಂಕಾಯಿತು. 4000 ಕೆಲ್ವಿನ್ ದೀಪದಲ್ಲಿ ಎರಡೂ ತಮ್ಮ ಹಗಲಿನ ರೂಪಕ್ಕೆ ಸಮೀಪವಾಗಿದ್ದವು. ದೀಪದ ಪೆಟ್ಟಿಗೆಯ ಮೇಲೆ ವರ್ಣದರ್ಶನ ಸೂಚ್ಯಂಕವನ್ನೂ ನೋಡಬೇಕು. ನೂರಕ್ಕೆ ತೊಂಬತ್ತಕ್ಕಿಂತ ಮೇಲಿದ್ದರೆ ಬಣ್ಣಗಳು ವಿಕಾರವಾಗದೆ ಕಾಣುತ್ತವೆ. ಮೊದಲು ದೀಪವನ್ನು ನಿರ್ಧರಿಸಿ ನಂತರ ಬಣ್ಣಕ್ಕೆ ಬರುವುದು ಉತ್ತಮ ಕ್ರಮ.

ಪರೀಕ್ಷಿಸುವ ವಿಧಾನ

ನಾನು ಅನುಸರಿಸಿದ ಕ್ರಮವನ್ನು ಓದುಗರು ತಮ್ಮ ಮನೆಗಳಲ್ಲಿಯೂ ಅನುಸರಿಸಬಹುದು.

ಮೊದಲನೆಯದಾಗಿ, ಪ್ರತಿ ಬಣ್ಣಕ್ಕೂ ಸುಮಾರು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಎರಡೆರಡು ದಪ್ಪ ರಟ್ಟುಗಳನ್ನು ತೆಗೆದುಕೊಂಡು ಎರಡು ಕೈ ಬಳಿದು ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಹಸಿ ಬಣ್ಣಕ್ಕೂ ಒಣಗಿದ ಬಣ್ಣಕ್ಕೂ ವ್ಯತ್ಯಾಸವಿರುತ್ತದೆ.

ಎರಡನೆಯದಾಗಿ, ಒಂದೇ ಬಣ್ಣದ ಎರಡು ರಟ್ಟುಗಳನ್ನು ಕೋಣೆಯ ಮೂಲೆಯಲ್ಲಿ ಎದುರುಬದುರಾಗಿ ಕೋನದಲ್ಲಿ ನಿಲ್ಲಿಸಬೇಕು. ಗೋಡೆಯಿಂದ ಗೋಡೆಗೆ ಬಡಿಯುವ ಬೆಳಕಿನ ಪರಿಣಾಮ ಆಗ ಮಾತ್ರ ತಿಳಿಯುತ್ತದೆ. ಎರಡನೆಯ ಬಣ್ಣವನ್ನು ಆ ಹೊತ್ತಿನಲ್ಲಿ ಕಣ್ಣಿನಿಂದ ದೂರವಿಡಬೇಕು.

ಮೂರನೆಯದಾಗಿ, ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಎಂಟು ಎಂಬಂತೆ ನಾಲ್ಕು ಹೊತ್ತು, ಒಂದು ಮೋಡದ ದಿನ ಮತ್ತು ಒಂದು ಬಿಸಿಲಿನ ದಿನ ನೋಡಿ ಬರೆದಿಟ್ಟುಕೊಳ್ಳಬೇಕು. ಕೋಣೆ ಯಾವ ಹೊತ್ತಿನಲ್ಲಿ ಹೆಚ್ಚು ಬಳಕೆಯಾಗುತ್ತದೆಯೋ ಆ ಹೊತ್ತಿನ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡಬೇಕು.

ನಾಲ್ಕನೆಯದಾಗಿ, ಕೋಣೆಯಲ್ಲಿ ವಾಸಿಸುವವರು ಕೂರುವ ಕುರ್ಚಿಯಲ್ಲಿ, ಮಲಗುವ ಹಾಸಿಗೆಯಲ್ಲಿ ಅವರೇ ಇದ್ದು ನೋಡಬೇಕು. ಅವರಿಗೆ ಬಣ್ಣದ ಹೆಸರನ್ನು ಹೇಳದೆ, ಏನು ಕಾಣುತ್ತದೆ ಎಂದು ಕೇಳುವುದು ಒಳ್ಳೆಯದು.

ಲೇಪದ ಹೊಳಪನ್ನೂ ಇದೇ ಸಂದರ್ಭದಲ್ಲಿ ಗಮನಿಸಬೇಕು. ಹೊಳಪಿರುವ ಲೇಪವನ್ನು ಒರೆಸುವುದು ಸುಲಭ. ಆದರೆ ಕಿಟಕಿಯ ಮತ್ತು ದೀಪದ ಪ್ರತಿಬಿಂಬ ಅದರಲ್ಲಿ ಮಿನುಗಿ ಹಿರಿಯರ ಕಣ್ಣಿಗೆ ಕುಕ್ಕುತ್ತದೆ. ಗೋಡೆಗೆ ಹೊಳಪಿಲ್ಲದ, ಒರೆಸಬಹುದಾದ ಮ್ಯಾಟ್ ಲೇಪ ಸೂಕ್ತ. ಪ್ರಮಾಣದ ಲೆಕ್ಕವೂ ಕಠಿಣವಲ್ಲ. ನಮ್ಮ ಗೋಡೆಗಳ ಒಟ್ಟು ವಿಸ್ತೀರ್ಣ, ಬಾಗಿಲು ಕಿಟಕಿಗಳನ್ನು ಕಳೆದು, ಸುಮಾರು 29 ಚದರ ಮೀಟರ್. ಒಂದು ಲೀಟರಿಗೆ ಒಂದು ಕೈಯಂತೆ ಸುಮಾರು 12 ಚದರ ಮೀಟರ್ ಎಂದು ಹಿಡಿದರೆ, ಎರಡು ಕೈಗೆ ಐದು ಲೀಟರ್ ಸಾಕು.

ನಮ್ಮ ನಿರ್ಧಾರ

ನಾಲ್ಕು ಗೋಡೆಗಳಿಗೂ ಕಾವಿಯತ್ತ ವಾಲಿದ ತಿಳಿಹಳದಿಯನ್ನು ಬಳಿಸಿದೆವು. ಗೋಡೆಯ ಬುಡದ ಮರದ ಪಟ್ಟಿಗೂ ಅದೇ ಬಣ್ಣ. ಅದರಿಂದ ನೆಲದ ಅಂಚು ಒಂದೇ ಗೆರೆಯಾಗಿ ಕಾಣುತ್ತದೆ. ಕಡುನೀಲಿಯನ್ನು ಕೈಬಿಟ್ಟು, ಪ್ರತಿಫಲನ ಮೌಲ್ಯ 30 ಇರುವ ನಡುನೀಲಿಯನ್ನು ಬಾಗಿಲಿಗೂ ಅದರ ಚೌಕಟ್ಟಿಗೂ ಬಳಿಸಿದೆವು. ಹಳದಿಗೂ ಅದಕ್ಕೂ 32 ಅಂಕಗಳ ಅಂತರವಿದೆ. ನೆರೆಯ ಬಣ್ಣದ ಪ್ರಭಾವದಿಂದ ಆ ನೀಲಿ ತಾಯಿಯವರ ಕಣ್ಣಿಗೂ ನೀಲಿಯಾಗಿಯೇ ಕಾಣುತ್ತದೆ. ಬಿಳಿಯ ಸ್ವಿಚ್‌ಗಳ ಹಿಂದೆ ಕಡುಬಣ್ಣದ ಹಿಂಪಟ್ಟಿಯನ್ನು ಕೂರಿಸಿದೆವು. ದೇವರ ಗೂಡಿನ ಹಿಂಬದಿಗೂ ನೀಲಿಯೇ ಬೇಕೆಂದು ಅವರು ಕೇಳಿದ್ದರಿಂದ ಅಲ್ಲಿಗೂ ಅದನ್ನೇ ಬಳಿಸಿದೆವು. ಅವರಿಗೆ ಬೇಕಾದ ಬಣ್ಣ ಮೂರು ಚದರ ಮೀಟರಿಗಿಂತ ಹೆಚ್ಚೇನೂ ಇಲ್ಲ, ಆದರೆ ಅದು ಇರುವ ಕಡೆಯಲ್ಲೆಲ್ಲ ಅವರಿಗೆ ಕಾಣುತ್ತದೆ.

ಇದು ಲೆಸ್ಟರಿನ ಒಂದು ಕೋಣೆಯ ಉತ್ತರ. ಮೆಲ್ಬರ್ನ್ ಅಥವಾ ಸಿಡ್ನಿಯಲ್ಲಿರುವವರಿಗೆ ದಿಕ್ಕು ತಿರುಗುಮುರುಗು. ಅಲ್ಲಿ ಬಿಸಿಲು ಕಾಣದ ಕೋಣೆ ದಕ್ಷಿಣದ್ದು. ದುಬೈ ಅಥವಾ ಮಸ್ಕತ್‌ನ ಪಶ್ಚಿಮದ ಕೋಣೆಯಲ್ಲಿ ತೊಂದರೆ ಬೆಳಕಿನ ಕೊರತೆಯಲ್ಲ, ಅದರ ಅತಿರೇಕ. ಅಲ್ಲಿ ನೀಲಿಯೇ ಹಿತವಾಗಬಹುದು. ಸಮಭಾಜಕಕ್ಕೆ ಹತ್ತಿರವಾದ ಸಿಂಗಪುರದಲ್ಲಿ ಸೂರ್ಯ ವರ್ಷದ ಅರ್ಧಭಾಗ ಉತ್ತರಕ್ಕೂ ಅರ್ಧಭಾಗ ದಕ್ಷಿಣಕ್ಕೂ ವಾಲುವುದರಿಂದ ಈ ದಿಕ್ಕುಗಳ ಭೇದ ಅಷ್ಟಾಗಿ ಬಾಧಿಸದು. ಉತ್ತರ ಎಲ್ಲಿ ಏನೇ ಇದ್ದರೂ ಕೇಳಬೇಕಾದ ಪ್ರಶ್ನೆಗಳು ಒಂದೇ: ಕೋಣೆಗೆ ಬೆಳಕು ಯಾವ ದಿಕ್ಕಿನಿಂದ ಬರುತ್ತದೆ, ಯಾವ ಹೊತ್ತಿನಲ್ಲಿ ಅಲ್ಲಿ ಯಾರು ಇರುತ್ತಾರೆ, ಅವರ ಕಣ್ಣಿಗೆ ಏನು ಕಾಣುತ್ತದೆ. ಈ ಮೂರಕ್ಕೆ ಉತ್ತರ ಬರೆದುಕೊಂಡ ಬಳಿಕ ಅಂಗಡಿಗೆ ಹೋದರೆ, ನೂರಾರು ಛಾಯೆಗಳ ಪಟ್ಟಿಯಲ್ಲಿ ನೋಡಬೇಕಾದವು ಹತ್ತನ್ನು ಮೀರುವುದಿಲ್ಲ.